ಮಾಸ್ತರರ ಕೊನೆಯ ಪುಟ

ಮೊನ್ನೆ ಬಾಗಲಕೋಟೆಯ ನವನಗರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಒಬ್ಬ ಸೀಮೆಎಣ್ಣೆಯಲ್ಲಿ ಚೈನು ತೊಳೆಯುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಆ ವಾಸನೆ... ಒಳಗೆ ನಿಲ್ಲಲಾಗದೆ ರಸ್ತೆಗೆ ಬಂದೆ. ನಮ್ಮ ಶಾಲೆಯ ಮಾಸ್ತರರು ಬಂದ ದಿನವೂ ನನ್ನ ಕೈ ಹೀಗೇ ನಾರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಈಗ ಅಣೆಕಟ್ಟಿನ ಹಿನ್ನೀರಿನಡಿ ಇರುವ ಹಳೆ ಬಾಗಲಕೋಟೆಯ ಓಣಿಯೊಂದರ ಪ್ರೆಸ್ಸಿನಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ, ಅಚ್ಚಾದ ಮೇಲೆ ಅವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ವಕೀಲರು ಬರೆದುಕೊಟ್ಟ ಲಗ್ನಪತ್ರಿಕೆಯಲ್ಲೂ ತಪ್ಪು ಹಿಡಿದು, ಕೇಳದೆಯೇ ತಿದ್ದುತ್ತಿದ್ದೆ. ಯಾರೂ ಬೈದಿರಲಿಲ್ಲ.

ಆ ಐದು ವರ್ಷ ಕಲಿಸಿದವರು ಆ ಮಾಸ್ತರರೇ. ರಾಜಕುಮಾರಿ, ರಾಕ್ಷಸರ ಕತೆ ಹೇಳಿ ನಮ್ಮನ್ನು ನಗಿಸುತ್ತಿದ್ದವರು. ಅವರ ಮಗಳು ಇಳಕಲ್ಲಿನ ಗಂಡನ ಮನೆಯಲ್ಲಿ ಸೀಮೆಎಣ್ಣೆಯ ಸ್ಟೋ ಸಿಡಿದು ತೀರಿಕೊಂಡು ವರ್ಷ ತುಂಬಿರಲಿಲ್ಲ. ಅಂದು ಹತ್ತು ಹಾಳೆ ಕೈಬರಹ ಮುಂದಿಟ್ಟರು.

"ಶುಕ್ರವಾರಕ್ಕ ನೂರು ಪ್ರತಿ ಬೇಕಪಾ."

"ಪ್ರೂಫ್ ನೋಡಾಕ ಬರ್ತೀರೇನ್ರಿ ಸರ್?"

"ನೀ ಇದ್ದೀಯಲ್ಲಲೇ. ತಪ್ಪಿದ್ರ ತಿದ್ದು. ನನ್ನ ಕಿವೀನೂ ಒಂದ್ಸಲ ಹಿಂಡು."

ಇಬ್ಬರೂ ನಕ್ಕೆವು.

ಶಾಲೆಯಲ್ಲಿ ಹೇಳುತ್ತಿದ್ದ ಅದೇ ಹಳೆಯ ಕತೆ. ರಾಕ್ಷಸನ ಕೈಗೆ ಸಿಕ್ಕ ರಾಜಕುಮಾರಿ, ಗಿಳಿಯೊಳಗೆ ರಾಕ್ಷಸನ ಜೀವ. ಆದರೆ ಇಲ್ಲಿ ಲಗ್ನದ ಅಕ್ಕಿಕಾಳು ಹಾಕಿ ಅವಳನ್ನು ರಾಕ್ಷಸನಿಗೆ ಕೊಟ್ಟವನು ತಂದೆ ರಾಜನೇ. ಗಿಳಿ ಏಳು ಸಮುದ್ರದಾಚೆ ಇರಲಿಲ್ಲ, ಆ ರಾಜನದೇ ಪಡಸಾಲೆಯ ಪಂಜರದಲ್ಲಿತ್ತು. ಮಗಳು ಮೂರು ಸಲ ಓಡಿಬಂದಳು. ಜನರ ಮಾತಿಗೆ ಹೆದರಿದ ರಾಜ ಮೂರು ಸಲವೂ ಉಡಿ ತುಂಬಿ ತಿರುಗಿ ಕಳಿಸಿದ, ಗಿಳಿಗೆ ಪೇರಲಹಣ್ಣು ತಿನ್ನಿಸುತ್ತ ಕುಳಿತ. ಕೊನೆಗೆ ಅವಳು ಸುಟ್ಟು ಬೂದಿಯಾದಳು.

ದುಃಖದಲ್ಲಿ ಬರೆದಿದ್ದಾರೆ, ಮಕ್ಕಳ ಕತೆ ಹೀಗೆ ಮುಗಿಯಬಾರದು ಅನ್ನಿಸಿತು. ಕೊನೆಯ ಪುಟ ಪಕ್ಕಕ್ಕಿಟ್ಟು ನಾನೇ ಜೋಡಿಸಿದೆ. ರಾಜ ಗಿಳಿಯ ಕುತ್ತಿಗೆ ಮುರಿದ, ಮಗಳನ್ನು ಕರೆತಂದ, ಎಲ್ಲರೂ ಸುಖವಾಗಿದ್ದರು. ಮಾಸ್ತರರಿಗೂ ಸಮಾಧಾನವಾದೀತು ಎಂದುಕೊಂಡೆ. ಅಚ್ಚಾದ ಮೇಲೆ ಮೊಳೆ ತೊಳೆದು ಖಾನೆಗಳಿಗೆ ಹಂಚಿದೆ. ಕೈಬರಹದ ಹಾಳೆಗಳಲ್ಲಿ ಕೈಯ ಶಾಯಿ ಒರೆಸಿ ಚಹಾದ ಒಲೆಗೆ ಹಾಕಿದೆ.

ಶುಕ್ರವಾರ ಬಂದು ನಿಂತೇ ಓದಿದರು. ಕೊನೆಯ ಪುಟವನ್ನು ಎರಡು ಸಲ ಓದಿದರು.

"ಇದೇನೋ?"

"ಚಲೋ ಮುಗಿಸೇನ್ರಿ ಸರ್. ಹುಡುಗ್ರು ಓದೋ ಕತಿ..."

"ಹುಡುಗ್ರಿಗೆ ಯಾರು ಬರದಿದ್ರು? ನಾಳೆ ನಮ್ಮ ಅಳಿಯಂದು ಎರಡ್ನೇ ಲಗ್ನ. ಲಗ್ನದಾಗ ಹಂಚಾಕ, ಆ ಹುಡುಗಿ ಅಪ್ಪನ ಕೈಯಾಗ ಇಡಾಕ ಬರದಿದ್ದೆ. ಗಿಳಿ ಯಾರ ಮನ್ಯಾಗ ಐತಂತ ಅಂವಗ ತಿಳೀತಿತ್ತು."

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ಸ್ಟೋ ಸಿಡಿದೇ ಇರಲಿಲ್ಲ. ಸಿಡಿದದ್ದು ಖರೆ ಎಂದು ಪೊಲೀಸರ ಕಾಗದಕ್ಕೆ ಸಹಿ ಹಾಕಿದವರು ಇವರೇ.

"ಬಾಯಿಲೇ ಹೇಳ್ರಿ ಸರ್. ನಾನೂ ಬರ್ತೇನಿ."

"ನನಗ ಬಾಯಿ ಇದ್ದಿದ್ರ ನಿನ್ನ ಕಡಿ ಯಾಕ ಬರ್ತಿದ್ದೆ? ನಾ ಬರದ ಹಾಳಿ ಕೊಡು, ಅದನ್ನರ ಒಯ್ತೇನಿ."

ನಾನು ಒಲೆಯ ಕಡೆ ನೋಡಿದೆ. ಅವರೂ ನೋಡಿದರು.

"ಇದನ್ನ ಓದಿದ್ರ ಅಂವ ನಾಲ್ಕು ಅಕ್ಕಿಕಾಳು ಹೆಚ್ಚಿಗಿ ಹಾಕ್ತಾನ, ಬಿಡು," ಎಂದರು. ಪುಸ್ತಕದ ಗಂಟು ಅಲ್ಲೇ ಬಿಟ್ಟು ಹೋದರು. ಮತ್ತೆಂದೂ ಪ್ರೆಸ್ಸಿನ ಮೆಟ್ಟಿಲು ಹತ್ತಲಿಲ್ಲ.

ಮರುದಿನ ಲಗ್ನ ಆಯಿತಂತೆ. ಇಳಕಲ್ಲಿಗೆ ಬಸ್ಸಿತ್ತು, ನನಗೆ ಬಾಯಿಯೂ ಇತ್ತು. ನಾನು ಹೋಗಲಿಲ್ಲ. ಆ ಹುಡುಗಿ ಏನಾದಳೋ... ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಮಾಸ್ತರರು ಈಗಿಲ್ಲ. ಅವರ ಆ ಪುಟವನ್ನು ನೆನಪಿನಿಂದ ಬರೆಯಲು ಕುಳಿತಿದ್ದೇನೆ. 'ದೀಪ ಉರುಳಿ ಸತ್ತಳು ಎಂದು ರಾಜ ಊರಿಗೆಲ್ಲ ಹೇಳಿದ...' ಇಷ್ಟು ಬರುತ್ತದೆ. ಮುಂದಿನ ಸಾಲು ಎಷ್ಟು ಒದ್ದಾಡಿದರೂ ಬರುತ್ತಿಲ್ಲ. ನನ್ನ ಮಾತು ಹಾಕಿ ತುಂಬಿಸಲು ನನಗೆ ಬರುತ್ತದೆ. ಖಾಲಿ ಬಿಟ್ಟಿದ್ದೇನೆ.