ಉದ್ದಕ್ಕಲ್ಲ, ಅಗಲಕ್ಕೆ

ಅವಳ ಪಾದಗಳನ್ನು ನೋಡಿದವರು ಒಂದು ಕ್ಷಣ ಮುಖ ನೋಡುವುದನ್ನು ಮರೆಯುತ್ತಿದ್ದರು. ಹೆಬ್ಬೆರಳು ಉಳಿದ ನಾಲ್ಕರ ಸಹವಾಸವೇ ಬೇಡವೆಂಬಂತೆ ದೂರ ಸರಿದು ನಿಂತಿತ್ತು. ಹಿಮ್ಮಡಿಯ ಬಿರುಕಿನಲ್ಲಿ ಹುರುಳಿಕಾಳು ಇಟ್ಟರೆ ಬೀಳುತ್ತಿರಲಿಲ್ಲ. ನೆಲವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲುವ ಪಾದಗಳು ಅವು. ನನ್ನವು ಹತ್ತು ವರ್ಷ ಕಾನ್ವೆಂಟಿನ ಬಿಳಿ ಸಾಕ್ಸಿನೊಳಗೆ ಬೆಳೆದವು. ಹಾಗೆ ನಿಲ್ಲುವುದು ಅವಕ್ಕೆ ಇವತ್ತಿಗೂ ಬಾರದು.

ಆಕೆ ನಮ್ಮ ಶಾಲೆಯ ಅಡುಗೆಯವಳು. ಮಕ್ಕಳಿಗೆ ಅಡ್ಗೆಮ್ಮ. ನಾನೂ ಹಾಗೆಯೇ ಕರೆಯುತ್ತಿದ್ದೆ. ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಶಾಲೆ. ಸರ್ವೀಸಿನ ಕೊನೆಯ ನಾಲ್ಕು ವರ್ಷ ನಾನು ಅಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಅವಳು ಹುಟ್ಟಿದ್ದು ಪಾವಗಡದ ಆಚೆ, ಕುರಿಗಳ ನಡುವೆ. ನಲವತ್ತು ದಾಟುವ ತನಕ ಮಂದೆಯ ಹಿಂದೆ ಮಿಡಿಗೇಶಿ, ಶಿರಾ ಎಂದು ನಡೆದವಳು. ಆಮೇಲೆ ಇದ್ದಕ್ಕಿದ್ದಂತೆ ಕುರಿಗಳನ್ನು ಬಿಟ್ಟು, ನಮ್ಮ ಶಾಲೆಯ ಎದುರಿನ ಹಟ್ಟಿಯಲ್ಲಿದ್ದ ಅಕ್ಕನ ಮನೆ ಸೇರಿ ಸೌಟು ಹಿಡಿದಳು. ಯಾಕೆ ಬಿಟ್ಟೆ ಎಂದು ಕೇಳಿದರೆ, "ಸಾಕಾಗೋಯ್ತು ಬುಡಿ ಮೇಡಮ್ಮ" ಎನ್ನುತ್ತಿದ್ದಳು, ಅಷ್ಟೇ.

ಅವಳ ಮಾತಿನಲ್ಲಿ ಅರ್ಧ ತೆಲುಗು. ಉಕ್ಕುವ ಹಾಲಿಗೂ, ಓಡುವ ಮಕ್ಕಳಿಗೂ "ಆಗು, ಆಗು!" ಎಂದು ಕೂಗುತ್ತಿದ್ದಳು. ತೆಲುಗಿನಲ್ಲಿ ಅದಕ್ಕೆ ನಿಲ್ಲು ಎಂದು ಅರ್ಥ. ಒಮ್ಮೆ ನಾಲ್ಕನೇ ಕ್ಲಾಸಿನ ಪೋರನೊಬ್ಬ ಓಡುತ್ತಲೇ ಹಿಂತಿರುಗಿ, "ಏನಾಗ್ಲಿ ಅಡ್ಗೆಮ್ಮ? ಡಾಕ್ಟ್ರಾಗ್ಲಾ, ಪೊಲೀಸಾಗ್ಲಾ?" ಎಂದ.

"ಮೊದ್ಲು ನಿಂತ್ಕಳ್ಲಾ, ಆಮ್ಯಾಕೆ ಏನ್ ಬೇಕಾದ್ರೂ ಆಗು!"

ಸ್ಟಾಫ್ ರೂಮಿನಲ್ಲಿ ಕುಳಿತು ನಾನು ನಕ್ಕಿದ್ದೆ. ನನಗೆ ಆಗ ಅವಳು ಒಬ್ಬ ಒಳ್ಳೆಯ, ಸ್ವಲ್ಪ ಲೌಡ್ ಆದ ಹೆಂಗಸು. ಅದಕ್ಕಿಂತ ಹೆಚ್ಚೇನೂ ಅಲ್ಲ.

ರಸ್ತೆ ಅಗಲವಾದದ್ದು ನಾನು ಅಲ್ಲಿಗೆ ಹೋದ ಎರಡನೇ ವರ್ಷ. ಅದಕ್ಕೆ ಮೊದಲು ಅದು ಹುಣಸೆಮರಗಳ ನಡುವಿನ ಬಡಕಲು ರಸ್ತೆ. ಒಂದು ಬಸ್ಸಿಗೆ ಇನ್ನೊಂದು ಬಸ್ಸು ದಾರಿ ಬಿಡಬೇಕಾದರೆ ಚಕ್ರ ಮಣ್ಣಿಗೆ ಇಳಿಯಬೇಕಿತ್ತು. ಗೇಟಿನ ಮುಂದೆ ಹಂಪ್ಸ್ ಕೂಡ ಇತ್ತು. ಅಗಲ ಮಾಡುವಾಗ ಮರಗಳು ಹೋದವು, ಹಂಪ್ಸೂ ಹೋಯಿತು. ಗಾಜಿನಂಥ ಟಾರಿನ ಮೇಲೆ ಕಲ್ಲು ತುಂಬಿದ ಲಾರಿಗಳು, ಆಂಧ್ರದ ಕಡೆಯ ಟ್ರಕ್ಕುಗಳು ಶಿಳ್ಳೆ ಹಾಕಿಕೊಂಡು ಹೋಗತೊಡಗಿದವು. ಶಾಲೆ ರಸ್ತೆಯ ಈ ಕಡೆ, ಹಟ್ಟಿ ಆ ಕಡೆ. ಹಟ್ಟಿಯ ನಲವತ್ತು ಮಕ್ಕಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ದಾಟಲೇಬೇಕು.

ನಾನು ಸುಮ್ಮನೆ ಕೂರಲಿಲ್ಲ. ಮೂರು ಅಪ್ಲಿಕೇಶನ್ ಬರೆದೆ, ಒಳ್ಳೆಯ ಇಂಗ್ಲಿಷಿನಲ್ಲಿ, ‘ಐ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟೀಸ್’ ಎಂದು ಶುರುಮಾಡಿ. ಉತ್ತರ ಬರಲಿಲ್ಲ. ಆಗ ನನಗೆ ಗೊತ್ತಿದ್ದ ಇನ್ನೊಂದೇ ವಿದ್ಯೆಗೆ ಕೈಹಾಕಿದೆ: ಡಿಸಿಪ್ಲಿನ್. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಪ್ರಾರ್ಥನೆಗೆ ಚಾಪೆಲ್ಲಿಗೆ ಕರೆದೊಯ್ಯುತ್ತಿದ್ದಂತೆ ಸಿಂಗಲ್ ಫೈಲ್, ತುಟಿಯ ಮೇಲೆ ಬೆರಳು. ಬೆಳಿಗ್ಗೆ ನನ್ನ ಬಸ್ಸು ಹಟ್ಟಿಯ ಕಡೆಯೇ ನಿಲ್ಲುತ್ತಿತ್ತು. ಅಲ್ಲಿ ಕಾದಿರುತ್ತಿದ್ದ ಮಕ್ಕಳನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿ, ಮುಂದೆ ನಾನು ನಡೆದು ದಾಟಿಸುತ್ತಿದ್ದೆ. ನೋಡಲು ಎಷ್ಟು ಚೆಂದ! ದಾರದಲ್ಲಿ ಪೋಣಿಸಿದ ಮಲ್ಲಿಗೆಯ ಹಾಗೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಗೇಟು ತಲುಪಿ ಹಿಂತಿರುಗಿ ನೋಡುತ್ತೇನೆ: ಸಾಲಿನ ಬಾಲ ಇನ್ನೂ ಆಚೆ ದಡದಲ್ಲೇ ಇದೆ. ನಟ್ಟನಡುವೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಜಾರಿದ ಚಪ್ಪಲಿಗಾಗಿ ಬಗ್ಗಿದ್ದಾಳೆ. ಅವಳ ಹಿಂದಿನವರೆಲ್ಲ ಶಿಸ್ತಾಗಿ, ತುಟಿಯ ಮೇಲೆ ಬೆರಳಿಟ್ಟುಕೊಂಡೇ, ರಸ್ತೆಯ ಮೇಲೆ ನಿಂತುಬಿಟ್ಟಿದ್ದಾರೆ. ಮಧುಗಿರಿಯ ಕಡೆಯಿಂದ ಲಾರಿ ಬರುತ್ತಿತ್ತು. ನಾನು ಗೇಟಿನ ಸರಳು ಹಿಡಿದು ನಿಂತುಬಿಟ್ಟೆ.

ಅಡುಗೆಮನೆಯ ಬಾಗಿಲಿನಿಂದ ಆಕೆ ಬಂದದ್ದನ್ನು ನಾನು ಕಾಣಲಿಲ್ಲ. ಕಂಡದ್ದು ಅವಳು ನಿಂತದ್ದು. ಮಕ್ಕಳಿಗೆ ಬೆನ್ನು ಮಾಡಿ, ಲಾರಿಗೆ ಮುಖ ಕೊಟ್ಟು, ಬಲಗೈಯನ್ನು ಪೂರ್ತಿ ಚಾಚಿ ನಿಂತಿದ್ದಳು. ಎಡಗೈಯಲ್ಲಿ ಹಾಲು ತೊಟ್ಟಿಕ್ಕುವ ಸೌಟು.

"ಆಗೂ!"

ಆ ಕೂಗು ನಮ್ಮ ಶಾಲೆಯ ಗೋಡೆಗೆ ಬಡಿದು ವಾಪಸ್ಸು ಬಂತು. ಬ್ರೇಕು ಕಿರುಚಿತು, ರಬ್ಬರು ಸುಟ್ಟ ವಾಸನೆ ಬಂತು. ಲಾರಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಆ ಪಾದಗಳು ಒಂದಿಷ್ಟೂ ಕದಲಿರಲಿಲ್ಲ.

ಡ್ರೈವರ್ ತಲೆ ಹೊರಗೆ ಹಾಕಿದ. ಅವನ ಮುಖವೂ ಬಿಳಿಚಿಕೊಂಡಿತ್ತು. "ಸಾಯಕ್ ಬಂದಿದ್ದೀಯೇನಮ್ಮ? ಬ್ರೇಕ್ ಹಿಡೀದೆ ಹೋಗಿದ್ರೆ?"

"ಹಿಡೀತಲ್ಲಪ್ಪಾ. ವಳ್ಳೆ ಬ್ರೇಕು. ಹಾಲು ಕಾಯ್ತಾ ಐತೆ, ಒಂದ್ ಲೋಟ ಕುಡ್ಕಂಡ್ ನಿಧಾನುಕ್ ಹೋಗು."

ಅವನು ಕುಡಿದೇ ಹೋದ. ಗೇಟಿನ ಕಟ್ಟೆಯ ಮೇಲೆ ಕುಳಿತು.

ಮಕ್ಕಳು ಒಳಗೆ ಹೋದಮೇಲೆ ಆಕೆ ನನ್ನನ್ನು ಅಡುಗೆಮನೆಗೆ ಕರೆದಳು. "ಒಂದ್ ಮಾತು ಏಳ್ತೀನಿ ಮೇಡಮ್ಮ, ಬೇಜಾರ್ ಮಾಡ್ಕಬ್ಯಾಡಿ." ಡಬ್ಬಿಯಿಂದ ಒಂದು ಹಿಡಿ ಅವರೆಕಾಳು ತೆಗೆದು, ಸೀಮೆಸುಣ್ಣದಿಂದ ನೆಲದ ಮೇಲೆ ಎರಡು ಗೀಟು ಎಳೆದಳು. ಅದು ರಸ್ತೆ. ಮೊದಲು ಕಾಳುಗಳನ್ನು ಒಂದರ ಹಿಂದೆ ಒಂದಾಗಿ ಸಾಲಿಟ್ಟು, ಬೆರಳಿನಿಂದ ಒಂದೊಂದಾಗಿ ದೂಡಿದಳು. ದೂಡಿದಳು, ದೂಡಿದಳು, ನನಗೆ ನೋಡಿ ಸಾಕಾಯಿತು. ಆಮೇಲೆ ಅವೇ ಕಾಳುಗಳನ್ನು ಗೀಟಿನ ಅಂಚಿನಗುಂಟ ಪಕ್ಕಪಕ್ಕ ಜೋಡಿಸಿ, ಮುಂಗೈಯಿಂದ ಒಂದೇ ಸಲ ಆಚೆಗೆ ಸರಿಸಿದಳು. ಸರ್ರ್ ಎಂದಿತು, ಅಷ್ಟೇ. ರಸ್ತೆ ಖಾಲಿ.

"ನೀವು ಮಕ್ಳುನ್ನ ಉದ್ದುಕ್ ಬುಟ್ರಿ. ಅಗಲುಕ್ ಬುಡ್ಬೇಕು. ಉದ್ದುಕ್ ಬುಟ್ರೆ ನಲ್ವತ್ ಸಲ ದಾಟ್ದಂಗೆ, ಅಗಲುಕ್ ಬುಟ್ರೆ ಒಂದ್ಸಲ."

ಬಿ.ಎಡ್. ಮಾಡಿದವಳು ನಾನು. ಮೂವತ್ತೈದು ವರ್ಷ ಪಾಠ ಹೇಳಿದವಳು. ಇಷ್ಟು ಸ್ವಚ್ಛವಾದ ಲೆಸನ್ ನನಗೆ ಯಾವ ಸಿಸ್ಟರೂ, ಯಾವ ಟ್ರೈನಿಂಗ್ ಕಾಲೇಜೂ ಕೊಟ್ಟಿರಲಿಲ್ಲ. ಆ ಒರಟು ಸಿಮೆಂಟಿನ ಮೇಲೆ ನಾನು ಮಂಡಿಯೂರಿ ಕುಳಿತೇ ಇದ್ದೆ.

ಮರುದಿನ ಹಟ್ಟಿಯಿಂದ ಆರು ಹುಡುಗಿಯರು ಬರಲಿಲ್ಲ. ನಾವಿಬ್ಬರೂ ಸಂಜೆ ಹೋದೆವು. ಆ ಚಪ್ಪಲಿಯ ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು ಹೇಳಿದಳು: "ಓದು ಬಂದ್ರೆ ಬರ್ಲಿ, ಬುಟ್ರೆ ಬುಡ್ಲಿ ಮಿಸ್. ನಂಗೆ ಮಗ್ಳು ಬೇಕು." ಸುತ್ತ ನಿಂತಿದ್ದ ಹೆಂಗಸರೆಲ್ಲ ತಲೆಯಾಡಿಸಿದರು.

ಅಡ್ಗೆಮ್ಮ ಆ ಬಾಗಿಲಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಳು.

"ಸಿರಾ ತಾವ ದೊಡ್ ರಸ್ತೇಲಿ ನಾನು ಕುರಿ ಕಳ್ಕಂಡೆ ಕಣಮ್ಮ. ಒಂದುರ್ ಹಿಂದೆ ಒಂದು ಬುಟ್ಟಿದ್ದೆ, ನಂಗೆ ಅವಸ್ರ. ನಡುಮಧ್ಯೆ ಒಂದು ಬೆದರ್ತು, ಹಿಂದ್ಲವು ನಿಂತ್ಬುಟ್ವು. ಲಾರಿಯವುನ್ನ ಬೈದೆ, ದ್ಯಾವ್ರುನ್ನ ಬೈದೆ. ತೆಪ್ಪು ನಂದು. ಆವತ್ತೇ ಕೋಲು ಕೆಳಗಿಟ್ಟೆ. ನಿನ್ ಮಗಳುನ್ನ ಕಳ್ಸು ತಲ್ಲಿ. ಆ ತೆಪ್ಪು ಇನ್ನೊಂದ್ಸಲ ಆಗಕ್ಕೆ ನಾನ್ ಬುಡಕಿಲ್ಲ."

ಮಕ್ಕಳನ್ನು ಉದ್ದಕ್ಕೆ ಬಿಟ್ಟದ್ದು ನಾನು. ನನ್ನ ಚೆಂದದ ಸಿಂಗಲ್ ಫೈಲು. ಅದನ್ನು ಅವಳು ಅಲ್ಲಿ ಹೇಳಲಿಲ್ಲ. ತನ್ನ ಹಳೆಯ ತಪ್ಪನ್ನು ಮುಂದಿಟ್ಟು ನನ್ನ ಹೊಸ ತಪ್ಪನ್ನು ಮುಚ್ಚಿದಳು. ಹಟ್ಟಿಯ ಮಣ್ಣುದಾರಿಯಲ್ಲಿ ವಾಪಸ್ಸು ಬರುವಾಗ ನಾನು "ಥ್ಯಾಂಕ್ಸ್" ಎಂದೆ. "ಯಾಕೆ ಮೇಡಮ್ಮ?" ಎಂದಳು. ನಿಜವಾಗಿಯೂ ಅವಳಿಗೆ ಗೊತ್ತಾಗಲಿಲ್ಲವೋ, ಗೊತ್ತಾಗದ ಹಾಗೆ ಇದ್ದಳೋ, ಹಾನೆಸ್ಟ್ಲಿ, ನಾನು ಈಗಲೂ ಹೇಳಲಾರೆ.

ಮಾರನೆಯ ದಿನ ಆ ಆರು ಹುಡುಗಿಯರೂ ಬಂದರು. ಅಂದಿನಿಂದ ಆ ರಸ್ತೆ ಅಡ್ಗೆಮ್ಮನದು. ಮಂದೆ ತುಂಬುವ ತನಕ ಯಾರೂ ಟಾರಿಗೆ ಕಾಲಿಡುವಂತಿಲ್ಲ. ತಡವಾಗಿ ಬಂದವರಿಗೆ ಮಂಗಳಾರತಿ. ಹಟ್ಟಿಯಾಚೆಯಿಂದ ಬರುವ ಏಳು-ಎಂಟನೇ ಕ್ಲಾಸಿನವರು ಸೈಕಲ್ಲು ಇಳಿದು, ವಾಹನ ಬರುವ ಕಡೆ, ಮಂದೆಯ ಅಂಚಿಗೆ ಸಾಲಾಗಿ ನಿಲ್ಲಬೇಕು. ಒಬ್ಬ ಮೀಸೆ ಚಿಗುರಿದವನಿಗೆ ಅದು ಅವಮಾನ.

"ಸೈಕಲ್ ಇರೋದು ತುಳಿಯಕ್ಕೆ ಕಣಮ್ಮ, ತಳ್ಳಕ್ಕಲ್ಲ."

"ಆಚೆ ದಡುಕ್ ಓಗಿ ಪಾವಗಡದ ಗಂಟ ತುಳಿ, ಯಾರ್ ಬ್ಯಾಡ ಅಂದ್ರು? ಇಲ್ಲಿ ನೀನು ಗ್ವಾಡೆ ಕಣ್ಲಾ. ಗ್ವಾಡೆ ಎಲ್ಲಾರ ಮಾತಾಡ್ತದಾ?"

ಗೋಡೆ ಬಾಯಿ ಮುಚ್ಚಿಕೊಂಡಿತು. ನನಗೂ ಕಲಿಸಿದಳು: "ಡ್ರೈವರ್ ಮಖ ನೋಡ್ಬ್ಯಾಡಿ ಮೇಡಮ್ಮ. ಮುಂದ್ಲ ಗಾಲಿ ನೋಡಿ. ಗಾಲಿ ನಿಧಾನ ಆಯ್ತು ಅಂದ್ರೆ ನಮ್ಮುನ್ನ ಕಂಡವ್ನೆ ಅಂತ." ಕಣ್ಣು ಮುಚ್ಚಿಕೊಂಡು, ದೂರದ ಸದ್ದಿನಿಂದಲೇ, ಬರುತ್ತಿರುವ ಲಾರಿ ಲೋಡಾಗಿದೆಯೋ ಖಾಲಿಯೋ ಹೇಳುತ್ತಿದ್ದಳು. ಲೋಡಾದದ್ದು ಬೇಗ ನಿಲ್ಲದು, ಅದನ್ನು ಹೋಗಲು ಬಿಡುತ್ತಿದ್ದಳು. ನಾನು ಹತ್ತು ಸಲ ಪರೀಕ್ಷಿಸಿದೆ. ಹತ್ತು ಸಲವೂ ಸರಿ.

ನಾನು ರಿಟೈರ್ ಆಗುವ ಮುಂಚಿನ ತಿಂಗಳು ಎಂಜಿನಿಯರ್ ಒಬ್ಬರು ಬಂದರು. ಯಂಗ್, ಒಳ್ಳೆಯ ಹುಡುಗ. ನಕ್ಷೆಯ ಪ್ರಕಾರ ಹಂಪ್ಸೂ ಬಿಳಿ ಪಟ್ಟೆಯೂ ಗೇಟಿನ ಎದುರಿಗೆ ಎಂದರು. ಅಡ್ಗೆಮ್ಮ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದಳು.

"ಅಲ್ಲಿ ಯಾರ್ ದಾಟ್ತಾರೆ ಸ್ವಾಮಿ? ಹಟ್ಟಿ ದಾರಿ ಬಂದ್ ಬೀಳೋದು ಇಲ್ಲಿ."

"ನಲವತ್ತು ಹೆಜ್ಜೆ ನಡೆದರೆ ಗೇಟು ಸಿಗುತ್ತಲ್ಲಮ್ಮ?"

"ನಡೀಬೇಕಾದ್ದು ಹೌದು. ನಡೀತಾವಾ? ನಾಳೆ ಬೆಳಿಗ್ಗೆ ಬಂದು ನಿಂತ್ಕಳಿ, ನೀವೇ ನೋಡಿ."

ಅವರು ಬಂದರು. ಮಕ್ಕಳ ಮಂದೆ ತುಂಬುವುದನ್ನು, ಸೈಕಲ್ಲುಗಳು ಗೋಡೆ ಕಟ್ಟುವುದನ್ನು, ನಲವತ್ತು ಮಕ್ಕಳು ಒಂದು ಉಸಿರಿನಲ್ಲಿ ಆಚೆಯಿಂದ ಈಚೆಗೆ ಬಂದದ್ದನ್ನು ನೋಡಿದರು. ಆಮೇಲೆ ಅವಳು ನಿಂತಿದ್ದ ಜಾಗಕ್ಕೇ ಹೋಗಿ ಸುಣ್ಣದ ಗುರುತು ಹಾಕಿದರು. ಇವತ್ತಿಗೂ ಬಿಳಿ ಪಟ್ಟೆ ಇರುವುದು ಅಲ್ಲೇ.

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಅವಳು ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ. ಕೊರಟಗೆರೆಯ ನನ್ನ ಮನೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಆಗಿತ್ತು. ರಜೆಯಾದ್ದರಿಂದ ಶಾಲೆಗೆ ಬೀಗ, ರಸ್ತೆಯಲ್ಲಿ ಮಕ್ಕಳಿಲ್ಲ. ನನಗೆ ರಾತ್ರಿ ಹಗಲು ಒಂದೇ ಯೋಚನೆ: ಬಾಗಿಲು ತೆರೆದ ದಿನ ಅವರನ್ನು ದಾಟಿಸುವವರು ಯಾರು? ಪಟ್ಟೆ ಇದೆ, ಹಂಪ್ಸ್ ಇದೆ, ನಿಜ. ಆದರೂ ಪಟ್ಟೆ ಕಂಡು ನಿಲ್ಲದ ಲಾರಿಗಳು ಇನ್ನೂ ಎಷ್ಟೋ.

ಶಾಲೆ ಶುರುವಾದ ದಿನ ನಾನೇ ದಾಟಿಸುವುದೆಂದು ಬೆಳಗಿನ ಬಸ್ಸು ಹಿಡಿದು ಹೋಗಿ ಹಟ್ಟಿಯ ಕಡೆ ಇಳಿದೆ. ನನಗೆ ಮಂಡಿನೋವು, ಕಣ್ಣಿಗೆ ಆಪರೇಷನ್ ಬೇರೆ ಆಗಿದೆ. ಮಕ್ಕಳು ಆಗಲೇ ಸೇರಿದ್ದರು. ಯಾರೂ ಟಾರಿಗೆ ಕಾಲಿಟ್ಟಿರಲಿಲ್ಲ. ಸೈಕಲ್ಲಿನವರು ಇಳಿದು ಅಂಚಿಗೆ ನಿಂತಿದ್ದರು, ಯಾರೂ ಹೇಳದೆಯೇ. ಮುಂದೆ ಆರನೇ ಕ್ಲಾಸಿನ ಒಂದು ಹುಡುಗಿ ಲಾರಿಗಳ ಕಡೆಗೆ ಮುಖ ಮಾಡಿ ನಿಂತಿದ್ದಳು. ಗುರುತು ಹಿಡಿಯಲು ನನಗೆ ಒಂದು ನಿಮಿಷ ಬೇಕಾಯಿತು. ಅವತ್ತು ಚಪ್ಪಲಿಗೆ ಬಗ್ಗಿದವಳು.

ನಾನು ಅವಳ ಪಕ್ಕಕ್ಕೆ ಹೋಗಿ ಕೈ ಎತ್ತಲು ನೋಡಿದೆ.

"ನೀವು ಅಲ್ಲಿ ಬ್ಯಾಡ ಮಿಸ್, ಮಧ್ಯುಕ್ ಬನ್ನಿ," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಯಾಕೇ?"

"ಸಣ್ ಮರಿ, ಮುದಿ ಕುರಿ ಎಲ್ಲಾ ಮಧ್ಯುಕ್ಕೆ ಅಂತ ಅಡ್ಗೆಮ್ಮ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಸಾರಿ ಮಿಸ್."

ಅವಳು ಸಾರಿ ಹೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒಂದನೇ ಕ್ಲಾಸಿನ ಮಕ್ಕಳು ನಡುವೆ ನನಗೆ ಜಾಗ ಬಿಟ್ಟರು. ನಾನು ಹ್ಯಾಂಡ್‌ಬ್ಯಾಗನ್ನು ಎದೆಗೆ ಅವಚಿಕೊಂಡು ಅವರ ನಡುವೆ ಹೋಗಿ ನಿಂತೆ.