ಹಿನ್ನೀರಿನ ದಂಡೆಯ ಸಮುದ್ರದ ಹೋಟೆಲು

ನಮ್ಮ ಜಿಲ್ಲೆಯಲ್ಲಿ ಸಮುದ್ರವಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ಕೂದಲು ಬೆಳ್ಳಗೆ ಮಾಡಿಕೊಂಡ ಧೈರ್ಯದಿಂದ ಈ ಮಾತು ಹೇಳುತ್ತಿದ್ದೇನೆ. ನಕಾಶೆಯ ಮೇಲೆ ಕೋಲಿಟ್ಟು, ಇಗೋ ಇಲ್ಲಿ ಬಾಗಲಕೋಟೆ, ಅಗೋ ಅಷ್ಟು ದೂರದಲ್ಲಿ ಸಮುದ್ರ ಎಂದು ಎಷ್ಟೋ ತಂಡದ ಮಕ್ಕಳಿಗೆ ತೋರಿಸಿದವಳು ನಾನು. ಅಂಥ ನಾನು ಹೋದ ದೀಪಾವಳಿಯ ಮುಂದೆ ನವನಗರದ ಮನೆಯಿಂದ ಆಟೋ ಹತ್ತಿ, ಕುಡಿದ ಚಹಾದ ರುಚಿ ಬಾಯಿಂದ ಹೋಗುವ ಮೊದಲೇ ಸಮುದ್ರತೀರದ ಐಷಾರಾಮಿ ಹೋಟೆಲಿನಲ್ಲಿ ಇಳಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕ್ಷಮಿಸಬೇಕು.

ಹೋಟೆಲಿನ ಹೆಸರು ಹೇಳುವುದಿಲ್ಲ. ಅದರಲ್ಲಿ ಸಮುದ್ರಕ್ಕೂ ಅರಮನೆಗೂ ಇರುವ ಇಂಗ್ಲಿಷ್ ಶಬ್ದಗಳೆರಡೂ ಇವೆ ಎಂದರೆ ಸಾಕು. ಆಣೆಕಟ್ಟಿನ ಹಿನ್ನೀರು ಬಂದು ನಿಂತ ದಂಡೆಯಲ್ಲಿ ಅದು ಇದೆ. ಗೇಟಿನ ಎದುರು ಹಡಗಿನ ದೊಡ್ಡದೊಂದು ಲಂಗರು ನೆಟ್ಟಿದ್ದಾರೆ. ಅದಕ್ಕೆ ಸರಿಯಾದ ಹಡಗು ಈ ನೀರಿಗೆ ಬರಬೇಕಾದರೆ ಲಾರಿಯಲ್ಲೇ ಬರಬೇಕು. ಎರೆಮಣ್ಣು ಕಾಣಬಾರದೆಂದು ಅದರ ಮೇಲೆ ಬಿಳಿ ಉಸುಕು ತಂದು ಹಾಸಿದ್ದಾರೆ, ಉಸುಕಿನಲ್ಲಿ ತೆಂಗಿನ ಸಸಿ ನೆಟ್ಟಿದ್ದಾರೆ. ಅವು ಬೆಳೆಯುವುದೋ ಬೇಡವೋ ಎಂದು ಇನ್ನೂ ವಿಚಾರ ಮಾಡುತ್ತಿವೆ. ಆಚೆ ದಂಡೆಯಲ್ಲಿ ಯಾರದೋ ಎಮ್ಮೆಗಳು ಮೈ ಮುಳುಗಿಸಿ ಮಲಗಿದ್ದವು. ಸಮುದ್ರದ ನೋಟಕ್ಕೆ ಅಡ್ಡಿಯಾಗುತ್ತದೆಂದು ಅವನ್ನು ಹೊಡೆದೋಡಿಸಲು ಒಬ್ಬ ಆಳನ್ನು ದೋಣಿಯಲ್ಲಿ ಕಳಿಸುತ್ತಾರಂತೆ, ಎಮ್ಮೆಗಳು ಮಾತ್ರ ಹೋಟೆಲಿನ ದರ್ಜೆಯನ್ನು ಇನ್ನೂ ಅರ್ಥ ಮಾಡಿಕೊಂಡಿಲ್ಲ.

ಸೌಲಭ್ಯಗಳ ಬಗ್ಗೆ ಹೇಳಬೇಕು, ಇಲ್ಲವಾದರೆ ಅಷ್ಟು ದುಡ್ಡು ಕೊಟ್ಟು ಇದ್ದುಬಂದದ್ದಕ್ಕೆ ಅರ್ಥವಿಲ್ಲ. ಇಷ್ಟು ನೀರಿನ ಮಗ್ಗುಲಲ್ಲೇ ಈಜಲು ಇನ್ನೊಂದು ಕೊಳ ಕಟ್ಟಿ ಅದಕ್ಕೆ ನೀಲಿ ಬಣ್ಣ ಬಳಿದಿದ್ದಾರೆ. ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಹಂಸಗಳ ಜೋಡಿ ಕುಳಿತಿತ್ತು. ಅದನ್ನು ಕೆಡಿಸಿ ಮೈ ಒರೆಸಿಕೊಳ್ಳಲು ನನಗೆ ಮನಸ್ಸಾಗದೆ ಸೀರೆಯ ಸೆರಗಿನಿಂದಲೇ ಕೆಲಸ ಮುಗಿಸಿದೆ. ಬಚ್ಚಲುಮನೆಯ ಗೋಡೆ ಗಾಜಿನದು. ಸ್ನಾನ ಮಾಡುವವರಿಗೆ ಹೊರಗಿನ ನೋಟ ತಪ್ಪಬಾರದೆಂಬ ಕಾಳಜಿಯೋ, ಹೊರಗಿನವರಿಗೆ ಸ್ನಾನದ ನೋಟ ತಪ್ಪಬಾರದೆಂಬ ಕಾಳಜಿಯೋ ತಿಳಿಯದೆ, ಹೊದಿಕೆಯೊಂದನ್ನು ಅಡ್ಡ ಕಟ್ಟಿದೆ. ಜೋಳದ ಒಣ ಕಟಕ್ ರೊಟ್ಟಿಯನ್ನು ಚಿಕ್ಕ ಚಿಕ್ಕ ಚೂರು ಮಾಡಿ, ಪಿಂಗಾಣಿ ಬಟ್ಟಲಿನಲ್ಲಿ ಹೂವಿನಂತೆ ಜೋಡಿಸಿ ಊಟಕ್ಕೆ ಮೊದಲು ತಂದಿಟ್ಟರು. ನಾನು ಚೀಲದಲ್ಲಿ ಅಮೀನಗಡದ ಕರದಂಟು ಒಯ್ದಿದ್ದೆ. ಅದನ್ನು ಆ ಬಟ್ಟಲಿನ ಪಕ್ಕದಲ್ಲಿ ಹೊರತೆಗೆಯಲು ಯಾಕೋ ಸಂಕೋಚವಾಯಿತು.

ಇನ್ನು ಇತಿಹಾಸ. ಸ್ವಾಗತ ಕೋಣೆಯ ಗೋಡೆಗೆ ಹಿತ್ತಾಳೆಯ ಫಲಕವಿದೆ. ಶತಮಾನಗಳ ಹಿಂದೆ ಒಂದು ರಾಜಮನೆತನ ಈ ತೀರದ ಗಾಳಿಗೆ ಮನಸೋತು ಬೇಸಿಗೆಯ ಅರಮನೆ ಕಟ್ಟಿಸಿತೆಂದೂ, ಹೋಟೆಲಿನ ಬಾಗಿಲು ಕಂಬಗಳು ಆ ಅರಮನೆಯವೆಂದೂ ಅದು ಹೇಳುತ್ತದೆ. ಓದಿ ನನಗೆ ನಗು ಬಂತು. ಈ ತೀರಕ್ಕೆ ಶತಮಾನವೆಲ್ಲಿಂದ ಬರಬೇಕು? ನಾನು ನೌಕರಿಗೆ ಸೇರಿದಾಗ ಇಲ್ಲಿ ತೀರವೇ ಇರಲಿಲ್ಲ, ಶೇಂಗಾದ ಹೊಲವಿತ್ತು. ಮುಂದೆ ನೀರು ಬಂತು, ಹಳೇ ಬಾಗಲಕೋಟೆಯ ನಮ್ಮ ಓಣಿಗಳು ಮುಳುಗಡೆಯಾದವು, ಹೊಲ ತೀರವಾಯಿತು. ನೀರು ಏರುವ ಮೊದಲು ಊರಿನ ಮಂದಿ ಮನೆಗಳನ್ನು ಬಿಚ್ಚಿ ತೊಲೆ, ಜಂತಿ, ಕಂಬ, ಬಾಗಿಲುಗಳನ್ನು ರಸ್ತೆಯ ಬದಿಗೆ ಒಟ್ಟಿದರು. ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಹೊಸ ಮನೆಗಳ ಗೋಡೆಗೆ ಅವು ಹೊಂದುತ್ತಿರಲಿಲ್ಲ. ಕೊಳ್ಳುವವರು ಲಾರಿ ತಂದರು. ನಮ್ಮ ಹಿರಿಯರು ಉದ್ದರಿಯಲ್ಲಿ ಅರಿವೆ ಮಾರಿ, ಬದನೆಕಾಯಿ ತಿಂದು, ಮಗಳ ಮದುವೆಗೆ ಚಿಂತೆ ಮಾಡಿ ಕಟ್ಟಿದ ಮನೆಗಳವು. ಈಗ ನೋಡಿದರೆ ಅವರೆಲ್ಲ ರಾಜರಾಗಿದ್ದಾರೆ. ಬದುಕಿದ್ದಾಗ ಯಾರಾದರೂ ಈ ಮಾತನ್ನು ಅವರಿಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಹೋಟೆಲಿನ ಇತಿಹಾಸವನ್ನು ಅತಿಥಿಗಳಿಗೆ ಹೇಳುವ ಕೆಲಸ ಹುಸೇನಸಾಬರದು. ಹುನಗುಂದದವರು, ನನಗಿಂತ ಸ್ವಲ್ಪ ಚಿಕ್ಕವರು. ಹೋಟೆಲಿನವರು ಕೊಟ್ಟ ಜರಿಯ ರುಮಾಲು ಸುತ್ತಿಕೊಂಡು, ಫಲಕದ ಮುಂದೆ ನಿಂತು, ರಾಜನ ಆನೆ ಎಲ್ಲಿ ಕಟ್ಟುತ್ತಿದ್ದರು ಎಂಬುದನ್ನೂ ಕೈ ಮಾಡಿ ತೋರಿಸುತ್ತಾರೆ. ಉಳಿದವರು ಆಚೆ ಹೋದ ಮೇಲೆ, ನಾನು ಹಳೇ ಬಾಗಲಕೋಟೆಯವಳು ಎಂದೆ. ಅವರು ರುಮಾಲು ತೆಗೆದು ಬಗಲಿಗೆ ಇಟ್ಟುಕೊಂಡರು.

“ಬರದ ಕೊಟ್ಟಾರ್ರಿ ಅಕ್ಕಾರ, ನಾ ಹೇಳತೇನಿ. ನನಗೂ ನಾಚಿಕಿ ಬರ್ತೈತಿ,” ಎಂದರು.

ಆ ಮೇಲೆ ನಾವಿಬ್ಬರೂ ಒಳ್ಳೆಯ ಸ್ನೇಹಿತರಾದೆವು.

ಇಷ್ಟು ಹೊತ್ತು ಹೋಟೆಲನ್ನು ಚೇಷ್ಟೆ ಮಾಡುತ್ತ ಕೂತದ್ದು, ಅಲ್ಲಿಗೆ ಯಾಕೆ ಹೋದೆ ಎನ್ನುವುದನ್ನು ಹೇಳಲು ಕಷ್ಟವಾಗುತ್ತದೆಂದೇ. ನನ್ನ ಅಣ್ಣನಿಗಾಗಿ, ಅವನನ್ನು ಕರೆದುಕೊಂಡೇ ಹೋಗಿದ್ದೆ. ಮದುವೆಯ ಗೋಜಿಗೆ ಹೋಗದ ನಾನು, ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನ ಜೊತೆಗೇ ಇದ್ದೇನೆ. ಹಳೆಯ ಊರಿನ ಪೇಟೆಯಲ್ಲಿ ಅವನದು ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಅಂಗಡಿಯಿತ್ತು. ಸೆರಗು ನೋಡಿ ಮಗ್ಗ ಇಂಥವರದೆಂದು ಹೇಳುತ್ತಿದ್ದವನು ಈಗ ಮುಂಜಾನೆ ಉಂಡದ್ದನ್ನು ಮಧ್ಯಾಹ್ನ ಮರೆಯುತ್ತಾನೆ. ಮರೆವಿನ ಬೇನೆ ಎಂದರು ಡಾಕ್ಟರು, ಇದು ಇಳಿಯುವಂಥದ್ದಲ್ಲ ಎಂದೂ ಹೇಳಿದರು. ಊಟ ಮರೆತರೆ ಮತ್ತೊಮ್ಮೆ ಬಡಿಸಬಹುದು. ಆದರೆ ದಿನಾ ಸಂಜೆ ಅಣ್ಣ ಎದ್ದು ಅಂಗಿಯ ಗುಂಡಿ ಹಾಕಿಕೊಂಡು, ಮನಿಗಿ ಹೋಗೂಣು ನಡಿ ಎನ್ನುತ್ತಿದ್ದ. ನವನಗರದ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಅದು ಅವನಿಗೆ ಯಾರದೋ ಮನೆ. ಅವನ ಮನೆ ಹಿನ್ನೀರಿನಲ್ಲಿದೆ.

ಮೊದಮೊದಲು ಉಪಾಯ ಮಾಡಿದೆ. ಅವನನ್ನು ಆಟೋದಲ್ಲಿ ಕೂಡಿಸಿ, ತುಳಸಿಗೇರಿ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ, ತಿರುಗಿ ನಮ್ಮ ಮನೆಯ ಮುಂದೆಯೇ ಇಳಿಸಿ, ಅಣ್ಣಾ, ಮನೆ ಬಂತು ಎನ್ನುತ್ತಿದ್ದೆ. ಅಣ್ಣ ಸಮಾಧಾನದಿಂದ ಒಳಗೆ ಬಂದು ಉಣ್ಣುತ್ತಿದ್ದ. ಬರಬರುತ್ತ ಅದೂ ನಡೆಯದಾಯಿತು. ಗೇಟಿನ ಬಳಿ ನಿಂತು, ನಾನು ಆ ಮನೆಯ ಒಡತಿಯೆಂದು ತಿಳಿದು, ಭಾಳ ಹೊತ್ತಾತು, ನಾವಿನ್ನ ಬರ್ತೇವ್ರಿ ಎಂದು ಕೈ ಮುಗಿಯುತ್ತಿದ್ದ. ಒಂದು ಸಂಜೆ ಕೈ ತಪ್ಪಿಸಿಕೊಂಡು ಹೊರಟೇ ಬಿಟ್ಟ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ನಡೆಯುತ್ತಿದ್ದವನನ್ನು ಯಾರೋ ಪುಣ್ಯಾತ್ಮರು ಕರೆತಂದರು. ಅಂದಿನಿಂದ ಗೇಟಿಗೆ ಬೀಗ ಹಾಕುತ್ತೇನೆ. ಅಣ್ಣ ಆ ಬೀಗ ಹಿಡಿದು ನಿಲ್ಲುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಹೋಟೆಲಿನ ವಿಚಾರ ಆಗ ಹೊಳೆಯಿತು. ಅದರ ಮಾಳಿಗೆಯಿಂದ ನಮ್ಮ ಓಣಿ ಮುಳುಗಿದ ನೀರು ಕಾಣುತ್ತದೆಂದು ಕೇಳಿದ್ದೆ. ಅಣ್ಣನಿಗೆ ಒಮ್ಮೆ ಕಣ್ಣಾರೆ ತೋರಿಸಬೇಕು, ಮನೆ ಇಲ್ಲವೆಂದು ಅವನ ಮನಸ್ಸಿಗೆ ನಾಟಬೇಕು, ಅತ್ತು ಮುಗಿಸಲಿ, ಆಮೇಲೆ ಕೇಳುವುದನ್ನು ಬಿಟ್ಟಾನು ಎಂದು ನನ್ನ ಲೆಕ್ಕಾಚಾರ. ಟೀಚರುಗಳ ಹಟವೇ ಹೀಗೆ. ತೋರಿಸಿದರೆ ತಿಳಿಯುತ್ತದೆ ಎಂದು ನಂಬಿ ನಂಬಿಯೇ ನಿವೃತ್ತರಾಗುತ್ತೇವೆ.

ಮೊದಲನೆಯ ಸಂಜೆ ಅಣ್ಣನನ್ನು ಮಾಳಿಗೆಯ ಮೇಲೆ ಕುರ್ಚಿ ಹಾಕಿ ಕೂಡಿಸಿದೆ. ನೀರು ತುಂಬಿಕೊಂಡಿತ್ತು. ಬೆರಳು ಮಾಡಿ ಪೇಟೆಯ ದಿಕ್ಕು ತೋರಿಸಿದೆ, ಗುಡಿಯ ದಿಕ್ಕು ತೋರಿಸಿದೆ, ಆಮೇಲೆ ನಮ್ಮ ಮನೆ ಅದರೊಳಗೇ ಹೋಯಿತೆಂದು ಮೆಲ್ಲಗೆ ಹೇಳಿದೆ. ಅಣ್ಣ ಬಹಳ ಹೊತ್ತು ನೀರನ್ನೇ ನೋಡಿದ. ಈಗ ಅಳುತ್ತಾನೆ ಎಂದು ನಾನು ಅವನ ಭುಜ ಹಿಡಿದುಕೊಂಡೆ.

“ಹೊಳಿ ಬಂದೈತಿ. ಇಳೀಲಿ ತಡಿ, ಇಳದ ಮ್ಯಾಲ ಹೋಗೂಣು,” ಎಂದ.

ನಮ್ಮ ಊರಿಗೆ ಹೊಳೆ ಬರುವುದು ಹೊಸದಾಗಿರಲಿಲ್ಲ. ಮಳೆಗಾಲದಲ್ಲಿ ಬರುತ್ತಿತ್ತು, ಕೆಳಗಿನ ಓಣಿಯವರು ಮೇಲಿನ ಓಣಿಯವರ ಮನೆಯಲ್ಲಿ ಉಂಡು ಮಲಗುತ್ತಿದ್ದರು, ಇಳಿದ ಮೇಲೆ ಹೋಗಿ ಕೆಸರು ಬಳಿಯುತ್ತಿದ್ದರು. ಅಣ್ಣನ ಪಾಲಿಗೆ ಆ ಹೊಳೆ ಇನ್ನೂ ಇಳಿಯಬೇಕಷ್ಟೇ. ಅಳು ಬಂದದ್ದು ನನಗೆ.

ಕೂಡಲಸಂಗಮದಲ್ಲಿ ನೋಡಿರುತ್ತೀರಿ. ನೀರು ಬರುತ್ತದೆಂದು ತಿಳಿದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದರು. ಸುತ್ತಲೂ ಹೊಳೆ, ನಡುವೆ ಮೆಟ್ಟಿಲಿಳಿದು ಹೋದರೆ ಮಂಟಪ ಇದ್ದ ಹಾಗೆಯೇ ಇದೆ. ನಾನೂ ಎಷ್ಟೋ ಸಲ ಇಳಿದು ಕೈ ಮುಗಿದು ಬಂದಿದ್ದೇನೆ. ಒಂದೊಂದು ಓಣಿಗೂ ಹಾಗೆ ಗೋಡೆ ಕಟ್ಟಲು ಬರುವುದಿಲ್ಲ, ಅದು ನನಗೆ ಗೊತ್ತು. ಆದರೆ ಅಣ್ಣನ ತಲೆಯೊಳಗೆ ಯಾರೋ ಅಂಥದೊಂದು ಗೋಡೆ ಕಟ್ಟಿಕೊಟ್ಟಿದ್ದಾರೆ. ಬೇನೆ ಉಳಿದದ್ದನ್ನೆಲ್ಲ ಮುಳುಗಿಸಿದರೂ ಮನೆಯೊಂದು ಒಣಗಿಯೇ ಉಳಿದಿದೆ. ಅಲ್ಲಿಗೆ ಇಳಿಯುವ ಮೆಟ್ಟಿಲು ಮಾತ್ರ ನನಗೆ ಕಾಣಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆಂದು ಹೊರಟೆವು. ಊಟದ ಮನೆಗೆ ಹೋಟೆಲಿನವರು ಹಳೆಯ ತಲೆಬಾಗಿಲೊಂದನ್ನು ಕೂಡಿಸಿದ್ದಾರೆ. ಕಪ್ಪು ಸಾಗವಾನಿಯ ಚೌಕಟ್ಟು, ಮೇಲೆ ಗಿಳಿಗಳ ಸಾಲು. ಊಟ ತರುವ ಗಾಲಿಬಂಡಿಗೆ ಅಡ್ಡಿಯಾಗುತ್ತದೆಂದು ಹೊಸ್ತಿಲನ್ನು ಕೊಯ್ದು ತೆಗೆದು, ನೆಲಕ್ಕೆ ನುಣ್ಣನೆ ಕಲ್ಲು ಹಾಸಿದ್ದಾರೆ. ನಾನು ಆ ಕಲ್ಲಿನ ಮೇಲೆ ಸರಾಗವಾಗಿ ನಡೆದು ಒಳಗೆ ಹೋದೆ. ತಿರುಗಿ ನೋಡಿದರೆ ಅಣ್ಣ ಬಾಗಿಲಾಚೆ ನಿಂತಿದ್ದ. ಚಪ್ಪಲಿ ಬಿಟ್ಟ. ಚೌಕಟ್ಟಿಗೆ ಕೈ ಊರಿದ, ತಲೆ ಬಗ್ಗಿಸಿದ, ಬಲಗಾಲನ್ನು ಮೊಣಕಾಲಿನ ತನಕ ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿ ಒಳಗಿಟ್ಟ.

ಅದು ನಮ್ಮ ಬಾಗಿಲಲ್ಲ. ನಮ್ಮದಕ್ಕೆ ಆನೆಗಳಿದ್ದವು, ಚೌಕಟ್ಟಿನ ಎಡಕ್ಕೆ ಅವ್ವ ಕಂದೀಲು ತೂಗುಹಾಕುತ್ತಿದ್ದ ಮೊಳೆಯಿತ್ತು. ಇದು ಯಾರದೋ, ಬಹುಶಃ ನಮ್ಮ ಓಣಿಯದೂ ಅಲ್ಲ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಣ್ಣ ಅಷ್ಟರಲ್ಲಿ, ಊಟ ಮಾಡುತ್ತಿದ್ದವರ ನಡುವೆ ನೆಟ್ಟಗೆ ನಡೆದು, ಅಲ್ಲಿದ್ದ ಹಳೆಯ ಕಂಬವೊಂದರ ಬುಡಕ್ಕೆ ಹೋಗಿ ನೆಲದ ಮೇಲೆ ಬೆನ್ನು ಆನಿಸಿ ಕುಳಿತು, ಉಸ್ಸೆಂದು ಉಸಿರು ಬಿಟ್ಟ. ಇಷ್ಟು ದಿನದಲ್ಲಿ ಅವನ ಮುಖದ ಮೇಲೆ ಅಂಥ ನೆಮ್ಮದಿ ನಾನು ಕಂಡಿರಲಿಲ್ಲ. ಹೋಟೆಲಿನ ಬಿಳಿ ಅಂಗಿಯ ಹುಡುಗಿಯೊಬ್ಬಳು ಅವನನ್ನು ಎಬ್ಬಿಸಲು ಬಂದಳು. ಬಾಗಿಲ ಬಳಿ ನಿಂತಿದ್ದ ಹುಸೇನಸಾಬರು ಕಣ್ಣಲ್ಲೇ ಬೇಡವೆಂದರು. ನಾನು ಹೇಳಬೇಕಾದ ನಿಜವನ್ನು ನುಂಗಿಕೊಂಡು ಅಲ್ಲೇ ನಿಂತೆ.

ಅಣ್ಣ ನನ್ನನ್ನು ನೋಡಿದ. ಅಂಗಡಿಗೆ ಬಂದ ಹೊಸ ಗಿರಾಕಿಯನ್ನು ನೋಡುತ್ತಿದ್ದಂತೆ, ತುಂಬ ಮರ್ಯಾದೆಯಿಂದ.

“ಬರ್ರಿ, ಒಳಗ ಬರ್ರಿ. ಯಾಕ ನಿಂತೀರಿ? ಯಾವೂರಾತ್ರಿ ನಿಮ್ದು?”

“ಇದ ಊರ್ರಿ,” ಎಂದೆ.

ಅಣ್ಣ ಹುಸೇನಸಾಬರಿಗೆ ನೀರು ಬೆಲ್ಲ ತರಲು ಹೇಳಿದ, ಮನೆಯ ಯಜಮಾನ ಹೇಳುವ ರೀತಿಯಲ್ಲಿ. ಅವರು ಒಳಗೆ ಹೋಗಿ, ಆ ದೊಡ್ಡ ಅಡುಗೆಮನೆಯಲ್ಲಿ ಎಲ್ಲಿ ಹುಡುಕಿದರೋ, ತಾಟಿನಲ್ಲಿ ಒಂದು ಹಳಕು ಬೆಲ್ಲ, ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟರು. ಆ ಹೋಟೆಲಿನ ಸೌಲಭ್ಯಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಅದೊಂದೇ. ನಾನು ಅಣ್ಣನ ಎದುರು ನೆಲದ ಮೇಲೆ ಕುಳಿತು ಬೆಲ್ಲ ಮುರಿದೆ. ಊಟಕ್ಕೆ ಏಳೋಣವೇ ಎಂದು ಕೇಳಿದೆ.

“ಒಂದೀಟ ತಡೀರಿ. ನಮ್ಮ ತಂಗಿ ಸಾಲಿಗಿ ಹೋಗ್ಯಾಳ. ಇನ್ನೇನ ಬರೂ ಹೊತ್ತಾತು. ಆಕಿನ್ನ ಬಿಟ್ಟ ನಾ ಉಣ್ಣೂದಿಲ್ಲ,” ಎಂದ ಅಣ್ಣ, ಬಾಗಿಲ ಕಡೆ ನೋಡುತ್ತ.

ಅಣ್ಣನನ್ನು ಮನೆಗೆ ಮುಟ್ಟಿಸಬೇಕೆಂದು ಇಷ್ಟು ದಿನ ಒದ್ದಾಡಿದವಳು ನಾನು. ಅವನು ಮುಟ್ಟಿದ. ಆ ಮನೆಯಲ್ಲಿ ಈ ಮುದುಕಿ ಇರಲಿಲ್ಲ, ಎರಡು ಜಡೆಯ ಒಬ್ಬ ಹುಡುಗಿಗೆ ಮಾತ್ರ ಜಾಗವಿತ್ತು. ನಾನೇ ಅವಳು ಎಂದು ಹೇಳಬಹುದಿತ್ತು. ಹೇಳಿದರೆ ಅಣ್ಣ ಮತ್ತೆ ಬೀದಿಗೆ ಬೀಳುತ್ತಿದ್ದ. ಅದಕ್ಕೆ, ಬರಲಿ ಬಿಡ್ರಿ, ಕಾಯೋಣ ಎಂದೆ. ಬೆಲ್ಲ ಬಾಯಲ್ಲಿ ಕರಗುತ್ತಿತ್ತು, ಊಟದ ಹೊತ್ತು ಮೀರುತ್ತಿತ್ತು, ಮೇಜಿನ ಮಂದಿ ಒಬ್ಬೊಬ್ಬರಾಗಿ ಎದ್ದು ಹೋದರು. ಅಣ್ಣನೂ ನಾನೂ ಬಾಗಿಲ ಕಡೆ ಮುಖ ಮಾಡಿ ಕುಳಿತೇ ಇದ್ದೆವು. ಆ ಹುಡುಗಿ ಒಮ್ಮೆ ಬಂದುಬಿಡಬಾರದೇ ಎಂದು, ಖರೆ ಹೇಳುತ್ತೇನೆ, ನನಗೂ ಅನ್ನಿಸಿತು.