ಅಕ್ಕನ ಚಳಿ ಬಿಡಿಸುವ ಸಂಜೆ

ಸುಳ್ಳಾ? ನಾನು ಹೇಳುವುದು ಸುಳ್ಳು ಅನ್ನುವುದಾದರೆ ಎದ್ದು ಹೋಗು ಮಹರಾಯ, ಬಾಗಿಲು ತೆರೆದೇ ಇದೆ. ಹೋಗುವುದಿಲ್ಲ ತಾನೇ? ಹಾಗಾದರೆ ಆ ಹುಬ್ಬು ಇಳಿಸಿಕೊಂಡು ಕೇಳು. ನಮ್ಮೂರಿನಲ್ಲಿ ಚಳಿಗಾಲ ಇರಲಿಲ್ಲ, ಅದನ್ನು ತಂದವಳು ನಮ್ಮ ಅಕ್ಕ. ತಂದದ್ದು ತನ್ನೊಬ್ಬಳಿಗೆ. ನಡುಗಿದ್ದು ಮಾತ್ರ ಊರೆಲ್ಲ.

ನಮ್ಮೂರಿನ ಹವೆ ನಿನಗೆ ಗೊತ್ತೇ ಇದೆ. ಸೆಕೆ ಅನ್ನುವ ಹಾಗಿಲ್ಲ, ಚಳಿ ಅನ್ನುವ ಹಾಗಿಲ್ಲ. ಮೊದಲ ಸಲ ಅತ್ತೆ ಮನೆಗೆ ಬಂದ ಅಳಿಯನ ಹಾಗೆ ವರ್ಷವಿಡೀ ಒಂದೇ ಹಲ್ಲುಕಿರಿತ. ಕ್ಯಾಲೆಂಡರ್ ಅಚ್ಚು ಹಾಕುವವನು ಒಂದೇ ಹಾಳೆ ಹಾಕಿದ್ದರೂ ನಡೆಯುತ್ತಿತ್ತು. ಇಂಥ ಊರಿನಲ್ಲಿ ಉಣ್ಣೆ ಕೋಟು ಇದ್ದದ್ದು ಅಕ್ಕನೊಬ್ಬಳಿಗೆ. ಹಣ್ಣಿನ ಗೋದಾಮಿನ ತಣ್ಣನೆ ಕೋಣೆಯಲ್ಲಿ ಅವಳಿಗೆ ಕೆಲಸ. ಸೇಬಿನ ಪೆಟ್ಟಿಗೆಗಳನ್ನು ಜೋಡಿಸುವುದು, ಕೊಳೆತದ್ದನ್ನು ಆರಿಸಿ ತೆಗೆಯುವುದು, ಹಳೆಯ ಪೆಟ್ಟಿಗೆಯನ್ನು ಮುಂದಕ್ಕೆಳೆದು ಹೊಸದನ್ನು ಹಿಂದಕ್ಕೆ ತಳ್ಳುವುದು. ಮೊದಲು ಬಂದದ್ದು ಮೊದಲು ಹೊರಗೆ, ಆ ಗೋದಾಮಿಗೆ ಇದ್ದದ್ದು ಇದೊಂದೇ ಕಾನೂನು. ಒಳಗಿನ ಚಳಿ ಎಂಥದ್ದು ಅಂತೀಯಾ? ಅಲ್ಲಿ ಸೀನಲು ಬಾಯಿ ತೆರೆದ ಹಮಾಲಿಯೊಬ್ಬ ಆ ಸೀನು ಮುಗಿಸಿದ್ದು ಸಂಜೆ ಮನೆಗೆ ಹೋದ ಮೇಲೆ. ನಗಬೇಡ. ಬೇಕಾದರೆ ಅವನ ಹೆಂಡತಿಯನ್ನು ಕೇಳು, ಮುಖ ಒರೆಸಿಕೊಂಡವಳು ಅವಳೇ.

ಕೋಣೆಯಿಂದ ಹೊರಗೆ ಬಂದ ಕೂಡಲೇ ಅಕ್ಕನ ಕನ್ನಡಕಕ್ಕೆ ಮಂಜು ಹಿಡಿಯುತ್ತಿತ್ತು. ದಿನಾ ಗೇಟಿನ ಬಳಿ ನಿಂತು ಕುರುಡಿಯ ಹಾಗೆ ತಡಕಾಡಿ ಒರೆಸಿಕೊಳ್ಳಬೇಕು. ವರ್ಷದಲ್ಲಿ ಯಾವುದೋ ಒಂದು ಸಂಜೆ, ಹೊರಗಿನ ಗಾಳಿ ಒಣಗಿ ಒಂದಿಷ್ಟು ತಣ್ಣಗಾದಾಗ ಮಾತ್ರ ಗಾಜು ತಿಳಿಯಾಗಿಯೇ ಇರುತ್ತಿತ್ತು. ನಮ್ಮ ಮೈಗೆ ಗೊತ್ತಾಗದ್ದು ಅವಳ ಗಾಜಿಗೆ ಗೊತ್ತಾಗುತ್ತಿತ್ತು. ಅವತ್ತು ಕೋಟನ್ನು ಗೋದಾಮಿನ ಮೊಳೆಗೆ ತಗುಲಿಹಾಕದೆ, ತೊಟ್ಟುಕೊಂಡೇ ಮನೆಗೆ ಬರುವಳು.

"ತಮ್ಮಾ, ಚಳಿಗಾಲ ಬಂತು ಕಣೋ. ನಡಿ, ಒಂದಿಷ್ಟು ಜನಕ್ಕೆ ಚಳಿ ಬಿಡಿಸ್ಬೇಕು."

ಚಳಿ ಬಿಡಿಸುತ್ತೇನೆ ಅನ್ನುವುದು ಬೇರೆಯವರಿಗೆ ಬಾಯಿಮಾತು. ಅಕ್ಕನಿಗೆ ಅದು ವರ್ಷಕ್ಕೊಮ್ಮೆಯ ಕೆಲಸ. ಉಳಿದ ದಿನ ಅವಳು ಯಾರೊಂದಿಗೂ ಜಗಳ ಆಡುತ್ತಿರಲಿಲ್ಲ. ಅಂದದ್ದು ಅನ್ನಿಸಿಕೊಂಡು ಸುಮ್ಮನೆ ಬರುವಳು. ಜನ ಪಾಪದ ಹೆಂಗಸು ಅಂದುಕೊಳ್ಳುತ್ತಿದ್ದರು. ಪಾಪವೂ ಇಲ್ಲ, ಪುಣ್ಯವೂ ಇಲ್ಲ, ಎಲ್ಲವನ್ನೂ ತಣ್ಣಗೆ ಜೋಡಿಸಿಡುತ್ತಿದ್ದಳು, ಅಷ್ಟೇ. ಆ ಸಂಜೆ ಮನೆಮನೆಗೆ ಹೋಗಿ ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ ಹೊರಗೆ ತೆಗೆಯುವಳು. ಪಕ್ಕದಲ್ಲಿ ನಾನು, ನೀರಿನ ಬಾಟಲಿ ಹಿಡಿದು. ಅವಳ ಗಂಟಲು ಒಣಗಬಾರದಲ್ಲ.

ನಮ್ಮ ಬೀದಿಯ ದರ್ಜಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನನ್ನ ಗಂಡ ಹೋದ ಸುದ್ದಿ ಬಂದಾಗ ನೀನು ಯಾರದೋ ಪ್ಯಾಂಟಿನ ಅಳತೆ ತೆಗೀತಿದ್ದೆ. ಟೇಪ್ ಕೆಳಗಿಡದೇನೇ 'ಅಯ್ಯೋ ಪಾಪ' ಅಂದೆ. ಆ ಬಾಯಿಗೊಂದು ಕಾಜ ಹೊಲ್ಕೊ, ಗುಂಡಿ ನಾನು ತಂದ್ಕೊಡ್ತೀನಿ." ದರ್ಜಿಯ ಮೀಸೆ ಅವತ್ತು ಕೆಳಗೆ ಬಾಗಿದ್ದು ಮತ್ತೆ ಮೇಲೇಳಲಿಲ್ಲ. ಕಸೂತಿ ದಾರ ಕಟ್ಟಿ ಎಳೆದು ನೋಡಿದ, ಊಹುಂ.

ಅಕ್ಕನಿಗೆ ಒಬ್ಬಳೇ ಮಗಳು. ಅವಳನ್ನು ಟೈಲ್ಸ್ ಅಂಗಡಿಯವನ ಮಗನಿಗೆ ಕೊಟ್ಟೆವು. ಬೀಗರ ಮನೆಯ ನೆಲ ಎಷ್ಟು ನುಣುಪು ಅಂದರೆ ಅಲ್ಲಿಗೆ ಹೋದ ನೊಣ ಜಾರಿ ಬಿದ್ದು ಸೊಂಟ ಮುರಿದುಕೊಂಡಿತ್ತು. ಮದುವೆಯ ದಿನ, ಎಲ್ಲರೂ ಊಟಕ್ಕೆ ಕೂತಿರುವಾಗ, ಬೀಗ ಮೂಗು ಮುಚ್ಚಿಕೊಂಡು ಗಟ್ಟಿಯಾಗಿ ಅಂದ: "ಬೀಗಿತ್ತಿ ಬಂದ್ರು ಅಂತ ಕಾಣುತ್ತೆ, ಕೊಳೆತ ಸೇಬಿನ ವಾಸನೆ!"

ಸಾಲಿಗೆ ಸಾಲೇ ನಕ್ಕಿತು. ಅಕ್ಕ ಮೆಲ್ಲಗೆ ಒಂದು ಲೋಟ ನೀರು ಕುಡಿದಳು. ಪೆಟ್ಟಿಗೆ ಒಳಗೆ ಹೋಯಿತು ಅಂತ ನನಗೆ ಗೊತ್ತಾಯಿತು. ಮಗಳಿಗೂ ಗೊತ್ತಾಗಿರಬೇಕು. ಗಾಳಿ ಒಣಗುವ ದಿನಗಳು ಹತ್ತಿರ ಬಂದಾಗ ಒಬ್ಬಳೇ ಬಂದು ಬಾಗಿಲಲ್ಲೇ ನಿಂತಳು.

"ಅಮ್ಮಾ, ನಮ್ಮ ಮಾವನ ಚಳಿ ಬಿಡಿಸೋಕೆ ಆ ಮನೆಗೆ ಬಂದ್ಯೋ, ಇನ್ನು ನಾನು ನಿನ್ನ ಮಗಳಲ್ಲ. ಸತ್ತರೂ ಮುಖ ನೋಡಲ್ಲ."

"ಯಾರು ಸತ್ತರೆ?" ಅಂದಳು ಅಕ್ಕ.

"ನೀನು!"

"ಹಾಗೆ ಬಿಡಿಸಿ ಹೇಳ್ಬೇಕು."

ಅವಳು ದಡದಡ ಹೋದ ಮೇಲೆ ನಾನು ಗೋಗರೆದೆ. "ಅದೊಂದು ಮನೆ ಬಿಟ್ಬಿಡಕ್ಕ. ಇರೋದೊಬ್ಬಳು ಮಗಳು."

"ಇರೋದೊಂದು ಚಳಿಗಾಲ," ಅಂದಳು. ಆದರೆ ಆ ವಾರ ಕೋಟನ್ನು ಮನೆಗೆ ತಂದು ಸೋಪು ಹಾಕಿ ಉಜ್ಜಿದಳು, ಒಣಗಿಸಿ ಮೂಸಿ ನೋಡಿ ಮತ್ತೆ ಉಜ್ಜಿದಳು. ನಾನು ನೋಡದವನ ಹಾಗೆ ಇದ್ದುಬಿಟ್ಟೆ.

ಗಾಜು ತಿಳಿಯಾದ ಸಂಜೆ ಹೋದೆವು. ಬೀಗ ಎಲ್ಲ ತಯಾರಿ ಮಾಡಿಕೊಂಡಿದ್ದ. ಇಬ್ಬರು ತಮ್ಮಂದಿರನ್ನು ಕರೆಸಿ ಮೆಟ್ಟಿಲ ಎರಡೂ ಕಡೆ ನಿಲ್ಲಿಸಿದ್ದ. "ಬನ್ನಿ ಬೀಗಿತ್ತಿ, ಬನ್ನಿ. ನಾವೂ ಬಾಯಿ ತೊಳ್ಕೊಂಡೇ ಕೂತಿದ್ದೀವಿ." ಹಿಂದೆ ಬಾಗಿಲಿಗೆ ಅಡ್ಡ ಕೈ ಹಿಡಿದು ಮಗಳು.

ಅಕ್ಕ ಬೀಗನ ಭುಜದ ಮೇಲಿಂದ ಮಗಳನ್ನು ನೋಡಿದಳು. "ನೀವು ಆ ಕಡೆ ಸರೀರಿ. ನಿಮ್ದು ಹೊಸದು. ಈ ಮನೇಲಿ ನನಗೆ ಅದಕ್ಕಿಂತ ಹಳೇದೊಂದಿದೆ."

ಬೀಗ ಸರಿದ. ಯಾಕೆ ಸರಿದೆ ಅಂತ ಅವನಿಗೇ ತಿಳಿಯಲಿಲ್ಲ.

"ನೀನು ಶಾಲೆಯಿಂದ ಗೆಳತೀರ ಜೊತೆ ಬರೋವಾಗ ನನ್ನ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ದೆ. ಒಂದಿನ ನಾನೇ ಕೂಗಿದೆ. 'ಯಾರೋ ನಮ್ಮ ಬೀದಿಯವ್ರು' ಅಂತ ನೀನು ಅವ್ರಿಗೆ ಹೇಳ್ದೆ. ನನಗೆ ಕೇಳಿಸ್ತು. ಮದುವೆ ದಿನ ಇವ್ರು ಆ ಮಾತಂದಾಗ ಎಲ್ಲ ನಕ್ಕರು. ನಗಲಿ, ಅವ್ರು ನನಗೇನಾಗ್ಬೇಕು? ನೀನೂ ನಕ್ಕೆ ಕಣೇ."

ಬೀಗ, ಪಾಪ, ವಾರದಿಂದ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡಿದ್ದವನು, ಒಂದು ಹೆಜ್ಜೆ ಮುಂದೆ ಬಂದ. "ಅಲ್ಲ, ನನ್ನ ಸರದಿ..."

"ಸುಮ್ನಿರಿ ಮಾವ!" ಮಗಳು ಕಿರುಚಿದ ರಭಸಕ್ಕೆ ಅಂಗಳದ ಒಂದು ಟೈಲ್ಸ್ ಫಟ್ಟಂತ ಒಡೆಯಿತು. ಅವಳು ಮೆಟ್ಟಿಲಿಳಿದು ಅಕ್ಕನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

"ನಕ್ಕೆ. ಹೌದು, ನಕ್ಕೆ! ಅಳೋಕಾಗದೆ ನಕ್ಕೆ. ಅದಕ್ಕೂ ಮುಂಚೆ ನಿನ್ನ ಮುಖ ನೋಡಿದ್ದೆ. ಅಲ್ಲೇ ಎದ್ದು ನಿಂತು ಒಂದು ಮಾತು ಹೇಳ್ತೀಯ ಅಂತ ಕಾದೆ. ನೀನು ನೀರು ಕುಡಿದೆ! ನಮ್ಮಿಬ್ಬರ ಮಾನ ಹೋಗ್ತಿದ್ರೂ ನಿನಗೆ ಕನ್ನಡಕ ಒಣಗೋ ದಿನವೇ ಬರ್ಬೇಕಾ? ಹೋಗು. ಇನ್ನು ಈ ಮೆಟ್ಟಿಲು ಹತ್ತಬೇಡ."

ಬಾಗಿಲು ಬಿತ್ತು. ಅಕ್ಕನ ಎದುರು ನಿಂತು ಹೀಗೆ ತಿರುಗಿ ಮಾತಾಡಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ನಾನು ಬಾಟಲಿ ಚಾಚಿದೆ, ಅವಳು ಮುಟ್ಟಲಿಲ್ಲ. ಆ ವರ್ಷದ ಉಳಿದ ಮನೆಗಳೆಲ್ಲ ಹಾಗೇ ಬಚಾವಾದವು. ದಾರಿಯಲ್ಲಿ ಒಂದೇ ಮಾತು ಅಂದಳು: "ಸರಿಯಾಗಿ ಬಿಡಿಸಿದ್ಳು ಕಣೋ."

ಆಮೇಲೆ ವರ್ಷವಿಡೀ ಇಬ್ಬರ ನಡುವೆ ಒಂದು ಸೊಲ್ಲಿಲ್ಲ. ಮಗಳು ಕೈತಪ್ಪಿ ಹೋದಳು ಅಂತಲೇ ಅಕ್ಕ ಅಂದುಕೊಂಡಿದ್ದಳು. ಊಟಕ್ಕೆ ಕೂತರೆ ಅರ್ಧಕ್ಕೇ ಏಳುವಳು. ಮತ್ತೆ ಗಾಜು ತಿಳಿಯಾದ ಸಂಜೆ ಗೋದಾಮಿನ ಗೇಟು ದಾಟಿದರೆ, ಎದುರಿಗೇ ನಿಂತಿದ್ದಾಳೆ ಮಗಳು. ಆ ವಾರವೆಲ್ಲ ಸಂಜೆ ಸಂಜೆ ಬಂದು, ಅಡಗಿ ನಿಂತು, ಅಮ್ಮ ಕನ್ನಡಕ ಒರೆಸುತ್ತಾಳೋ ಇಲ್ಲವೋ ನೋಡಿದ್ದಳಂತೆ.

"ಎಲ್ಲಿಗೆ ಹೊರಟೆ? ನಿಲ್ಲು. ಈ ಸಲ ಮೊದಲು ನಂದು," ಅಂದವಳು ನಡುರಸ್ತೆಯಲ್ಲೇ ಶುರುಮಾಡಿದಳು. ಅಕ್ಕನೂ ಬಿಡಲಿಲ್ಲ. ಗೋದಾಮಿನ ಲಾರಿಗಳು ಹಿಂದೆ ಸಾಲುಗಟ್ಟಿ ನಿಂತವು, ಒಬ್ಬನಿಗೂ ಹಾರ್ನ್ ಒತ್ತುವ ಧೈರ್ಯ ಬರಲಿಲ್ಲ.

ರಾಜಿಯಾದರು ಅಂದುಕೊಂಡೆಯಾ? ಮಂಕೇ! ಇವತ್ತಿಗೂ ವರ್ಷವೆಲ್ಲ ಮಾತಿಲ್ಲ, ಕಥೆಯಿಲ್ಲ. ಆ ಒಂದು ಸಂಜೆ ಮಾತ್ರ ಮಗಳು ಬರುತ್ತಾಳೆ. ಹೊಟ್ಟೆ ತುಂಬ ಜಗಳ ಆಡುತ್ತಾರೆ, ಗಂಟಲು ಬಿದ್ದ ಮೇಲೆ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಾರೆ, ಆಮೇಲೆ ಅವರವರ ದಾರಿ. ಒಂದು ವರ್ಷವೂ ಇಬ್ಬರಲ್ಲಿ ಯಾರೂ ತಪ್ಪಿಸಿಲ್ಲ. ಮಗಳಿಗೆ ಜ್ವರ ಬಂದ ವರ್ಷ ಆಟೋದಲ್ಲಿ ಮಲಗಿಕೊಂಡೇ ಬಂದು ಬೈದು ಹೋದಳು. ಇನ್ನು ಆ ಬೀಗ, ಅವನ ಗೋಳು ಬೇರೆ. "ನನಗ್ಯಾವಾಗ ಬೈತಾರೆ" ಅಂತ ಕಂಡವರನ್ನೆಲ್ಲ ಕೇಳಿ ಕೇಳಿ ಕೊನೆಗೆ ಒಂದಿನ ಏನು ಮಾಡಿದ ಗೊತ್ತಾ? ಸೇಬಿನ ಬುಟ್ಟಿ ತಲೆ ಮೇಲೆ ಹೊತ್ತು...

"ರೀ! ಊಟಕ್ಕೆ ಬರ್ತೀರೋ, ಇಲ್ಲ ಮಾತೇ ಉಣ್ತೀರೋ?"

ಬಂದೆ ಕಣೇ, ಬಂದೆ!